ಬಂಡವಾಳಶಾಹಿ ಎಂದರೇನು? ಮಲೆನಾಡಿನ ಚರಿತ್ರೆಯಿಂದ ಒಂದು ಪಾಠ



ಹಣವಂತರೆಲ್ಲ ಬಂಡವಾಳಶಾಹಿಗಳು ಎಂದು ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಭೂಮಿ, ಯಂತ್ರ, ಕಾರ್ಖಾನೆಗಳು ಖಾಸಗಿ ಒಡೆತನದಲ್ಲಿದ್ದು, ಕೂಲಿ ಕೊಟ್ಟು ದುಡಿಸಿ, ಮಾರುಕಟ್ಟೆಗಾಗಿ ಸರಕು ತಯಾರಿಸಿ, ಬಂದ ಲಾಭವನ್ನು ಮತ್ತೆ ಬಂಡವಾಳವಾಗಿ ತೊಡಗಿಸುವ ವ್ಯವಸ್ಥೆಯೇ ಬಂಡವಾಳಶಾಹಿ. ಸ್ಪರ್ಧೆಯಿಂದ ರಾಷ್ಟ್ರದ ಸಂಪತ್ತು ಬೆಳೆಯುತ್ತದೆ ಎಂದು ಆಡಂ ಸ್ಮಿತ್ 1776ರಲ್ಲಿ ವಾದಿಸಿದರು. ಲಾಭದ ಮೂಲ ಕಾರ್ಮಿಕನ ದುಡಿಮೆ ಎಂದು ಕಾರ್ಲ್ ಮಾರ್ಕ್ಸ್ 1867ರಲ್ಲಿ ಬರೆದರು.

ಈ ಮಾತನ್ನು ನಮ್ಮ ಮಂಡಗದ್ದೆ, ತೀರ್ಥಹಳ್ಳಿ, ಹೊಸನಗರ, ಸಾಗರಗಳ ಸೀಮೆಗೆ ಹೋಲಿಸಿ ನೋಡೋಣ. ಹಿಂದೆ ಇಲ್ಲಿ ಗದ್ದೆ ಒಡೆಯರದು, ಉಳುಮೆ ಗೇಣಿದಾರರದು. ಗೇಣಿಯನ್ನು ಭತ್ತದಲ್ಲಿ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗದ ಗಾತ್ರದ ಬಗ್ಗೆಯೇ ತಕರಾರು ಎದ್ದು, 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು.

ಆ ಒಡೆಯರು ಬಂಡವಾಳಶಾಹಿಗಳೇ? ಅಲ್ಲ. ಅವರು ಬಂಡವಾಳ ಹೂಡಿ ಭತ್ತ ಬೆಳೆಸಲಿಲ್ಲ; ನೆಲದ ಹಕ್ಕಿನಿಂದ ಪಾಲು ಪಡೆದರು. ಇದು ಜಮೀನ್ದಾರಿ ಪದ್ಧತಿ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಸಾವಿರಾರು ಗೇಣಿದಾರರು ಭೂಮಾಲೀಕರಾದರು.

ಆದರೆ ಅಡಿಕೆಯ ಕಥೆ ಬೇರೆ. ಅಡಿಕೆಯನ್ನು ಯಾರೂ ಊಟಕ್ಕಾಗಿ ಬೆಳೆಯುವುದಿಲ್ಲ. ಅದು ಪೂರ್ತಿ ಮಾರುಕಟ್ಟೆಯ ಬೆಳೆ. ತೋಟ ಸ್ವಂತದ್ದಾದರೂ ಬೆಲೆ ಬೆಳೆಗಾರನ ಕೈಯಲ್ಲಿಲ್ಲ. ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಸಹಕಾರ. ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್ ಹುಟ್ಟಿತು. ಬೆಲೆ ಕುಸಿತದ ಹಿನ್ನೆಲೆಯಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಮಾರುಕಟ್ಟೆ ಉಳಿಯಿತು; ಒಬ್ಬಂಟಿ ಬೆಳೆಗಾರನಿಗೆ ಸಂಘದ ಬಲ ಬಂತು.

ಇನ್ನೊಬ್ಬರನ್ನು ಮರೆಯಬಾರದು. ಕೊನೆ ಕೊಯ್ಯುವ, ಅಡಿಕೆ ಸುಲಿಯುವ ಕೂಲಿಯವರು ಗೇಣಿದಾರರಾಗಿರಲಿಲ್ಲ. ಹಾಗಾಗಿ 'ಉಳುವವನೇ ಹೊಲದೊಡೆಯ' ಎಂಬ ಕಾನೂನು ಅವರಿಗೆ ನೆಲ ಕೊಡಲಿಲ್ಲ. ಮಾರಲು ಅವರ ಬಳಿ ಇರುವುದು ದುಡಿಮೆ ಮಾತ್ರ. ಬಂಡವಾಳಶಾಹಿಯ ನಿಜವಾದ ಗುರುತು ಇದೇ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು 2020ರ ತಿದ್ದುಪಡಿ ದಾರಿ ತೆರೆದ ಮೇಲೆ ನೆಲವೂ ಇನ್ನಷ್ಟು ಮಾರುಕಟ್ಟೆಯ ಸರಕಾಗಿದೆ.

ವಿದ್ಯಾರ್ಥಿಗಳೇ, ಯಾವ ವ್ಯವಸ್ಥೆಯನ್ನು ಓದುವಾಗಲೂ ಮೂರು ಪ್ರಶ್ನೆ ಕೇಳಿ: ಒಡೆತನ ಯಾರದು? ದುಡಿಮೆ ಯಾರದು? ಬೆಲೆ ಕಟ್ಟುವವರು ಯಾರು? ಉತ್ತರ ಪಠ್ಯಪುಸ್ತಕದಲ್ಲಿ ಮಾತ್ರವಲ್ಲ, ನಿಮ್ಮ ಊರಿನ ಗದ್ದೆ, ತೋಟ, ಮಂಡಿಗಳಲ್ಲಿಯೂ ಇದೆ.