ಸತ್ತ ಕುದುರೆಯ ಬಾಲಕ್ಕೂ ದುಡ್ಡು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಹೊನ್ನಾವರದಿಂದ ಭಟ್ಕಳಕ್ಕೆ ಹೊರಟ ಬಸ್ಸಾದರೆ ಇನ್ನೂ ಒಳ್ಳೇದು, ಇವತ್ತಿನ ಕಥೆ ಅದೇ ದಾರೀದು.

ನಡುವೆ ಇಡಗುಂಜಿ ಗಣಪತಿಗೆ ಹೋಗೋ ತಿರುವು ಸಿಗುತ್ತೆ. ಇಡಗುಂಜಿ ಅಂದರೆ ನಂಗೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯೂ ನೆನಪಾಗುತ್ತೆ. ಆಟದಲ್ಲಿ ಅಶ್ವಮೇಧದ ಕುದುರೆಯನ್ನ ಎಷ್ಟು ಸಲ ಕಟ್ಟಿಹಾಕಿದ್ದಾರೋ ಲೆಕ್ಕವಿಲ್ಲ. ಊರ ಕೊಟ್ಟಿಗೆಯಲ್ಲಿ ಮಾತ್ರ ನಾನು ಒಂದೂ ಕುದುರೆ ಕಂಡಿಲ್ಲ. ಆದರೆ ಇಡಗುಂಜಿಯ ಎರಡು ಬದಿಗಿರುವ ಹೊನ್ನಾವರ, ಭಟ್ಕಳ ಒಂದು ಕಾಲಕ್ಕೆ ವಿಜಯನಗರಕ್ಕೆ ಅರಬ್ಬೀ ಕುದುರೆ ಇಳಿಸುತ್ತಿದ್ದ ಬಂದರುಗಳು.

ಎಷ್ಟು ಕುದುರೆ? ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನುನಿಜ್ 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ಹೊರ್ಮುಜ್‌ನವು, ನಾಡತಳಿ ಎಲ್ಲ ಸೇರಿ ಅರಸ ವರ್ಷಕ್ಕೆ 13,000 ಕೊಳ್ತಾನೆ ಅಂತ ಬರೆದಿದ್ದಾನೆ. ಸಾಳುವ ನರಸಿಂಹನಂತೂ ಸಾವಿರ ಪರ್ದಾವ್‌ಗೆ ಮೂರರ ಲೆಕ್ಕದಲ್ಲಿ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತರೂ ಬಾಲ ತಂದು ತೋರಿಸಿದರೆ ಸಾಕು, ಪೂರ್ತಿ ದುಡ್ಡು!

ಇಷ್ಟು ಸುರಿಯೋ ಬದಲು ಇಲ್ಲೇ ಮರಿ ಮಾಡಿಸಬಹುದಿತ್ತಲ್ಲ?

ಅದಕ್ಕೆ ಸುಮಾರು 240 ವರ್ಷ ಹಿಂದೆ ಹೋಗಬೇಕು. 13ನೇ ಶತಮಾನದ ಕೊನೆಗೆ ಮಾರ್ಕೋ ಪೋಲೋ ತಮಿಳು ಕರಾವಳಿಯ ಬಗ್ಗೆ ಬರೆದ ಮಾತಿದು: ಒಳ್ಳೇ ಗಂಡು, ಒಳ್ಳೇ ಹೆಣ್ಣು ಕೂಡಿಸಿದರೂ ಹುಟ್ಟೋದು ಸೊಟ್ಟಗಾಲಿನ, ಸವಾರಿಗೆ ಬಾರದ ಮರಿ. ಜೊತೆಗೆ, ವ್ಯಾಪಾರ ಕೆಡಬಾರದು ಅಂತ ಕುದುರೆ ಚಿಕಿತ್ಸೆ ಬಲ್ಲವರನ್ನ ವ್ಯಾಪಾರಿಗಳೇ ಇತ್ತ ಬರಗೊಡ್ತಿರಲಿಲ್ಲ ಅಂತಾನೆ. ಹೊರಗಿನವನ ಮಾತು, ಸ್ವಲ್ಪ ಕಳೆದೇ ನಂಬೋಣ. ಯಾಕಂದರೆ ಕನ್ನಡದಲ್ಲೇ ಅಭಿನವಚಂದ್ರನ ‘ಅಶ್ವವೈದ್ಯ’ ಇತ್ತು. ಅದಕ್ಕೂ ಮುಂಚೆ, 12ನೇ ಶತಮಾನದಲ್ಲೇ, ಚಾಲುಕ್ಯ ಕೀರ್ತಿವರ್ಮ ‘ಗೋವೈದ್ಯ’ ಬರೆದಿದ್ದ.

ಓಲೆಯಲ್ಲಿದ್ದ ವಿದ್ಯೆ ಲಾಯದವರೆಗೆ ಬಂದಿತ್ತಾ ಅನ್ನೋದೇ ನನ್ನ ಅನುಮಾನ. ನಮ್ಮ ಕರಾವಳಿಯ ಕೈ ಪಳಗಿದ್ದು ದನದ ಮೇಲೆ. ಹಸು ಕರು ಹಾಕಿದ ಮೇಲೆ ಮಾಸು ಬೀಳೋಕೆ ಅರ್ಧ ದಿನ ಹಿಡಿದರೂ ನಮ್ಮಜ್ಜಿ ಗಾಬರಿಯಾಗ್ತಿರಲಿಲ್ಲ. ಅದೇ ತಾಳ್ಮೆ ಕುದುರೆಯನ್ನ ಕೊಲ್ಲುತ್ತೆ. ಕುದುರೆಗೆ ಮೂರು ಗಂಟೆಯೊಳಗೆ ಮಾಸು ಬೀಳಬೇಕು. ಬೀಳದಿದ್ದರೆ, ಅಥವಾ ಒಂದು ಚೂರು ಒಳಗೆ ಉಳಿದರೂ, ಗರ್ಭಕೋಶ ಕೊಳೆತು ನಂಜು ರಕ್ತಕ್ಕೆ ಸೇರುತ್ತೆ. ಆಮೇಲೆ ಏಟು ಬೀಳೋದು ಎಲ್ಲಿಗೆ ಗೊತ್ತಾ? ಕಾಲಿಗೆ. ಗೊರಸಿನ ಒಳಪದರ ಊದಿಕೊಂಡು ಮೂಳೆಯಿಂದ ಬಿಟ್ಟುಕೊಳ್ಳುತ್ತೆ. ಲ್ಯಾಮಿನೈಟಿಸ್ ಅಂತಾರೆ. ನಿಲ್ಲಲಾಗದ ತಾಯಿ ಹಾಲು ಹೇಗೆ ಕೊಟ್ಟೀತು? ಮರಿಗೋ ಮೊದಲ ಕೆಲವೇ ಗಂಟೆಗಳಲ್ಲಿ ಗಿಣ್ಣದ ಹಾಲು ಸಿಗಬೇಕು, ರೋಗ ತಡೆಯೋ ಶಕ್ತಿ ಬರೋದೇ ಅದರಿಂದ.

ಇನ್ನು ಮೇವು. ಭತ್ತದ ನಾಡಲ್ಲಿ ಕೈಗೆ ಸಿಗೋದು ಹುಲ್ಲು, ತೌಡು. ತೌಡಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಮ್ಮಿ. ಹಾಲೂಡಿಸೋ ಕುದುರೆಯ ಮೈಯಿಂದ ಸುಣ್ಣ ಹಾಲಿನ ಜೊತೆ ಹೋಗ್ತಾನೇ ಇರುತ್ತೆ. ಅತಿಯಾದರೆ ಬೆವರಿ, ನಡುಗಿ, ಸೆಟೆದು ಬೀಳುತ್ತೆ. ಪೋಲೋ ಕಂಡ ಸೊಟ್ಟಗಾಲಿಗೂ ಈ ಮೇವೇ ಒಂದು ಕಾರಣ ಇರಬಹುದು ಅನ್ನೋದು ನನ್ನ ಊಹೆ ಅಷ್ಟೇ.

ಹೀಗೆ ಬಾಣಂತನ ಕೈಗೂಡದ ನೆಲದಲ್ಲಿ ಹಡಗೇ ಗತಿ. 1547ರಲ್ಲಿ ಪೋರ್ಚುಗೀಸರ ಜೊತೆ ವಿಜಯನಗರ ಮಾಡಿಕೊಂಡ ಒಪ್ಪಂದದಲ್ಲೂ ಮುಖ್ಯ ವಿಷಯ ಕುದುರೆಯೇ: ನಮಗೇ ಮಾರಬೇಕು, ಶತ್ರುಗಳಿಗಲ್ಲ.

ಘಟ್ಟದ ಮೇಲೆ, ಒಣ ಬಯಲಲ್ಲಿ ಕಥೆ ಬೇರೆ. ಟಿಪ್ಪು ಕಾಲದಲ್ಲಿ ಸೈನ್ಯಕ್ಕಾಗಿ ಬೆಳೆದ ಕುಣಿಗಲ್ ಕುದುರೆ ಫಾರಂನಲ್ಲಿ ಆಮೇಲೆ ರೇಸ್ ಕುದುರೆಗಳು ಹುಟ್ಟಿದವು. ಇವತ್ತು ಒಳ್ಳೇ ಫಾರಂಗಳಲ್ಲಿ ಮರಿ ಹುಟ್ಟಿದ ರಾತ್ರಿ ಒಬ್ಬರು ಗಡಿಯಾರ ನೋಡ್ತಾ ಕೂರ್ತಾರೆ. ನೇತಾಡೋ ಮಾಸನ್ನ ಎಳೆಯಲ್ಲ, ತುಳಿಯದ ಹಾಗೆ ಮೇಲಕ್ಕೆ ಗಂಟು ಹಾಕ್ತಾರೆ. ಬಿದ್ದ ಮೇಲೆ ನೆಲದಲ್ಲಿ ಹರಡಿ, ತುದಿಯಿಂದ ತುದಿಗೆ ಬೆರಳಾಡಿಸಿ, ಚೂರೇನಾದರೂ ಕಮ್ಮಿ ಇದೆಯಾ ಅಂತ ಹುಡುಕ್ತಾರೆ.