ಬೀಗ ಬಿದ್ದ ಮನೆ, ಬೆಳೆದ ಪೊದೆ: ನೆರೆಕರೆಯವರ ದೂರಿಗೆ ದಾರಿ ಯಾವುದು?

ಮಳೆಗಾಲ ಆರಂಭವಾಗುತ್ತಲೇ ಮುಂಬಯಿಯ ಹಳೆಯ ವಸತಿ ಪ್ರದೇಶಗಳಲ್ಲಿ ಪ್ರತಿವರ್ಷ ಕೇಳಿಬರುವ ದೂರೊಂದಿದೆ. ವರ್ಷಾನುಗಟ್ಟಲೆ ಬೀಗ ಬಿದ್ದಿರುವ ಬಂಗಲೆ, ಕುಸಿದ ಮಾಡು, ಅಂಗಳದಲ್ಲಿ ಆಳೆತ್ತರದ ಪೊದೆ, ಅದರ ನಡುವೆ ನಿಂತ ನೀರು, ಹೆಗ್ಗಣಗಳ ಓಡಾಟ. ಚೆಂಬೂರು, ಮುಲುಂಡ್, ವಿಲೇಪಾರ್ಲೆಗಳಲ್ಲಿ ಇಂತಹ ಮನೆಯ ಪಕ್ಕದಲ್ಲಿ ವಾಸಿಸುವ ನಮ್ಮವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಂಗ್ರಹಿಸಿದ್ದೇವೆ.

ದೂರಿಗೆ ಆಧಾರ 1888ರ ಮುಂಬಯಿ ಮಹಾನಗರ ಪಾಲಿಕೆ ಅಧಿನಿಯಮ. ಕಳೆ ಬೆಳೆದು ನೆರೆಯವರಿಗೆ ಉಪದ್ರವವಾಗಿರುವ ಆವರಣವನ್ನು ಶುಚಿಗೊಳಿಸುವಂತೆ ಮಾಲೀಕರಿಗೆ ನೋಟಿಸು ನೀಡಲು ಅದರ 377ನೆಯ ವಿಧಿ ಅವಕಾಶ ಕೊಡುತ್ತದೆ. ಸೊಳ್ಳೆ ಬೆಳೆಯುವ ನೀರಿಗೆ 381(ಬಿ), ಬೀಳುವ ಸ್ಥಿತಿಯ ಕಟ್ಟಡಕ್ಕೆ 354ನೆಯ ವಿಧಿ. ಮಾಲೀಕರು ಕಿವಿಗೊಡದಿದ್ದರೆ ಪಾಲಿಕೆಯೇ ಕೆಲಸ ಮಾಡಿಸಿ ವೆಚ್ಚವನ್ನು ವಸೂಲು ಮಾಡಬಹುದು. ಆದರೆ ಸೊಳ್ಳೆಯ ವಿಷಯವನ್ನು ಕೀಟ ನಿಯಂತ್ರಣ ವಿಭಾಗವೂ ಗೋಡೆಯ ವಿಷಯವನ್ನು ಕಟ್ಟಡ ವಿಭಾಗವೂ ನೋಡಿಕೊಳ್ಳುವುದರಿಂದ, ಎಲ್ಲವನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಅದು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಪ್ರತ್ಯೇಕ ಅರ್ಜಿಗಳನ್ನು ಛಾಯಾಚಿತ್ರ ಸಹಿತ ವಾರ್ಡ್ ಕಚೇರಿಗೆ ಕೊಟ್ಟು, ಸ್ವೀಕೃತಿ ಮೊಹರು ಪಡೆಯುವುದು ಲೇಸು. ಸಹಾಯವಾಣಿ 1916ರಲ್ಲಿ ದೂರಿತ್ತವರು ದೂರು ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಬೇಕು.

ಪೊದೆ ಕಡಿಸಿದೊಡನೆ ಸೊಳ್ಳೆ ಹೋಯಿತೆಂದು ಭಾವಿಸುವುದು ತಪ್ಪು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಕೊಚ್ಚೆಯಲ್ಲಲ್ಲ, ತಿಳಿನೀರಿನಲ್ಲಿ: ತೆಂಗಿನ ಚಿಪ್ಪು, ಹಳೆಯ ಟಯರು, ಒಡೆದ ಹೂಕುಂಡ. ನಗರದ ಮಲೇರಿಯಾಕ್ಕೆ ಕಾರಣವಾದ ಅನಾಫಿಲಿಸ್ ಸ್ಟೀಫೆನ್ಸಿಗೆ ಮುಚ್ಚಳವಿಲ್ಲದ ಟಾಕಿ, ಬಳಕೆಯಿಲ್ಲದ ಬಾವಿಗಳೇ ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಆದ್ದರಿಂದ ದೂರಿನಲ್ಲಿ ಗಿಡಗಂಟಿಗಿಂತ ಮೊದಲು ಟಾಕಿಯನ್ನೂ ಬಾವಿಯನ್ನೂ ಹೆಸರಿಸಬೇಕು. ಹೆಗ್ಗಣಗಳ ಮೂತ್ರ ಬೆರೆತ ಮಳೆನೀರು ಕಾಲಿನ ಗಾಯಕ್ಕೆ ತಗುಲಿದರೆ ಲೆಪ್ಟೋಸ್ಪೈರೋಸಿಸ್ ಬರಬಹುದು. 2005ರ ಜುಲೈ 26ರ ಮಹಾಮಳೆಯ ಬಳಿಕ ಈ ಜ್ವರ ನಗರವನ್ನು ಕಾಡಿತ್ತು.

ಗೋಡೆ ಹಾರಿ ತಾವೇ ಕಡಿಯಲು ಹೊರಡುವುದು ಮಾತ್ರ ಸಲ್ಲದು. ಅದು ಅತಿಕ್ರಮ ಪ್ರವೇಶವಾಗುತ್ತದೆ. ಮೇಲಾಗಿ, 1975ರ ಮಹಾರಾಷ್ಟ್ರ ನಗರ ಪ್ರದೇಶ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ನೆಲದ ಮರಕ್ಕೂ ವೃಕ್ಷ ಪ್ರಾಧಿಕಾರದ ಅನುಮತಿ ಬೇಕು. ದೂರಿತ್ತವರೇ ಆರೋಪಿಗಳಾಗುವುದು ಹೀಗೆ. ಮರವೋ ಗೋಡೆಯೋ ಬೀಳುವಂತಿದ್ದು ಪಾಲಿಕೆ ಸುಮ್ಮನಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ವಿಧಿಯನ್ವಯ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133) ಕಾರ್ಯನಿರ್ವಾಹಕ ದಂಡಾಧಿಕಾರಿಗಳ ಮೊರೆ ಹೋಗಬಹುದು. ದ್ವೀಪನಗರಿಯ ಹಳೆಯ ಬಾಡಿಗೆ ಕಟ್ಟಡಗಳ ಮಾತು ಬೇರೆ. 1969ರ ಸೆಪ್ಟೆಂಬರಿಗೆ ಮುಂಚಿನ, ದುರಸ್ತಿ ಕರ ತೆರುವ ಕಟ್ಟಡಗಳ ಹೊಣೆ ಮ್ಹಾಡಾದ ದುರಸ್ತಿ ಮಂಡಳಿಯದು.

ಇಷ್ಟೆಲ್ಲ ಇದ್ದೂ ದೂರುಗಳು ನಿಲ್ಲುವುದು ಒಂದೇ ಕಡೆ: ಮಾಲೀಕರು ಯಾರು? ಹಿರಿಯರು ತೀರಿಕೊಂಡಿರುತ್ತಾರೆ, ಮಕ್ಕಳು ದೂರದಲ್ಲಿರುತ್ತಾರೆ, ಪಾಲು ಆಗಿರುವುದಿಲ್ಲ. ಇಲ್ಲಿ ನಾವು ಸ್ವಲ್ಪ ನಮ್ಮ ಕಡೆಗೂ ನೋಡಿಕೊಳ್ಳಬೇಕಾಗಿದೆ. ಮುಂಬಯಿಯಲ್ಲಿ ನೆರೆಮನೆಯ ಪೊದೆಯ ಬಗ್ಗೆ ಬೇಸರಪಡುವ ನಮ್ಮಲ್ಲಿ ಎಷ್ಟೋ ಮಂದಿಯ ಮನೆ ಉಡುಪಿಯಲ್ಲೋ ಕಾರ್ಕಳದಲ್ಲೋ ಬೀಗ ಹಾಕಿಕೊಂಡು ನಿಂತಿದೆ. ಅಳಿಯಸಂತಾನ ಪದ್ಧತಿಯ ಕುಟುಂಬದ ಮನೆಯಾದರಂತೂ ಹಕ್ಕುದಾರರು ಹಲವರು, ಮಾಡಿನ ಹಂಚು ಸರಿಪಡಿಸುವವರು ಯಾರೂ ಇಲ್ಲ. ವರ್ಷಕ್ಕೊಮ್ಮೆ ನಾಗನಿಗೆ ತನು ಎರೆಯಲು ಹೋದಾಗ ಬಾಗಿಲು ತೆರೆಯುತ್ತದೆ. ಉಳಿದ ದಿನಗಳಲ್ಲಿ ಹಾವು, ಸೊಳ್ಳೆಗಳ ಕಾಟ ಅನುಭವಿಸುವವರು ಅಲ್ಲಿನ ನೆರೆಕರೆಯವರೇ. ಅವರು ಪಂಚಾಯತಿಗೆ ದೂರು ಕೊಟ್ಟರೆ ತಪ್ಪೆನ್ನಲಾದೀತೆ?

ತೆರಿಗೆ ಪುಸ್ತಕದಲ್ಲಿ ಇಂದಿಗೂ ಅಜ್ಜನ ಹೆಸರೇ ಇದ್ದರೆ ನೋಟಿಸು ಅಜ್ಜನ ಹೆಸರಿಗೇ ಬಂದು ಬಾಗಿಲ ಸಂದಿನಲ್ಲಿ ಉಳಿಯುತ್ತದೆ. ಮುಂದಿನ ಬಾರಿ ಊರಿಗೆ ಹೋದಾಗ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟು, ಮುಂಬಯಿಯ ವಿಳಾಸವನ್ನೂ ದೂರವಾಣಿ ಸಂಖ್ಯೆಯನ್ನೂ ಪಂಚಾಯತಿ ಕಚೇರಿಯಲ್ಲಿ ಬರೆಸಿ ಬರಬೇಕು. ಬಾವಿಗೆ ಬಲೆ, ಟಾಕಿಗೆ ಮುಚ್ಚಳ ಹಾಕಿಸಿ, ಕೀಲಿಕೈಯೊಂದನ್ನು ಪಕ್ಕದ ಮನೆಯವರಲ್ಲಿ ಬಿಟ್ಟು, ಮೇ ತಿಂಗಳಲ್ಲಿ ಅಂಗಳ ಕೆತ್ತಿಸುವ ಕೂಲಿಯನ್ನೂ ಅವರ ಕೈಯಲ್ಲೇ ಕೊಟ್ಟು ಬರುವುದು ಒಳ್ಳೆಯದು.