ಕಾಲು ಶತಮಾನ ಕಾದ ಚೆಲ್ಲೊ

ಚೆಲ್ಲೊ ಪಿಟೀಲಿನ ಕುಟುಂಬಕ್ಕೆ ಸೇರಿದ ನಾಲ್ಕು ತಂತಿಗಳ ದೊಡ್ಡ ವಾದ್ಯ. ಪಾಶ್ಚಾತ್ಯ ಸಂಗೀತದಲ್ಲಿ ಅದು ಒಂಟಿಯಾಗಿ ವೇದಿಕೆಯೇರುವುದು ಕಡಿಮೆ. 1720ರ ಸುಮಾರಿಗೆ ಬಾಖ್ ರಚಿಸಿದ ಆರು ಸೂಟ್‌ಗಳ ಬಳಿಕ, ಪಕ್ಕವಾದ್ಯವಿಲ್ಲದ ಚೆಲ್ಲೊಗೆ ದೊಡ್ಡ ಕೃತಿಗಳು ಬಹುಕಾಲ ವಿರಳವಾಗಿದ್ದವು. 1915ರಲ್ಲಿ ಹಂಗೆರಿಯ ಜೋಲ್ತಾನ್ ಕೊದಾಯ್ ತಮ್ಮ ಸೊನಾಟಾದಿಂದ ಆ ಹಾದಿಯನ್ನು ಮತ್ತೆ ತೆರೆದರು. ಅದೇ ಹಾದಿಯಲ್ಲಿ ಬಂದದ್ದು ಜ್ಯೊರ್ಜ್ ಲಿಗೆಟಿಯ ಸೊನಾಟಾ. ನುಡಿಸಲು ಹತ್ತು ನಿಮಿಷವೂ ಬೇಡದ ಈ ಕೃತಿಗೆ ಸರ್ಕಾರವೊಂದು ಹೆದರಿತ್ತು.

ಲಿಗೆಟಿ 1923ರಲ್ಲಿ ಟ್ರಾನ್ಸಿಲ್ವೇನಿಯಾದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಮತ್ತು ತಮ್ಮ ನಾಜಿ ಶಿಬಿರಗಳಲ್ಲಿ ಸತ್ತರು. ಯುದ್ಧದ ನಂತರ ಬುಡಾಪೆಸ್ಟ್‌ನ ಸಂಗೀತ ಅಕಾಡೆಮಿ ಸೇರಿದ ಅವರು, 1948ರಲ್ಲಿ ತಾವು ಮೆಚ್ಚಿದ್ದ ಸಹಪಾಠಿ ಚೆಲ್ಲೊ ವಾದಕಿಗೆಂದು ‘ದಿಯಾಲೊಗೊ’ ಎಂಬ ಭಾಗ ಬರೆದರು. ಹೆಸರೇ ಹೇಳುವಂತೆ ಅದೊಂದು ಸಂವಾದ. ವಾದ್ಯದ ಮೇಲಿನ ಮತ್ತು ಕೆಳಗಿನ ದನಿಗಳು ಗಂಡು ಹೆಣ್ಣು ಮಾತಾಡಿದಂತೆ ಒಂದಕ್ಕೊಂದು ಉತ್ತರ ಕೊಡುತ್ತವೆ. ಆಕೆ ವಂದಿಸಿ ಸುಮ್ಮನಾದರು, ನುಡಿಸಲೇ ಇಲ್ಲ.

ಐದು ವರ್ಷಗಳ ನಂತರ ಹೆಸರಾಂತ ಕಲಾವಿದೆ ವೇರಾ ದೇನೆಶ್ ಒಂದು ಕೃತಿ ಬೇಕೆಂದರು. ಲಿಗೆಟಿ ಹಳೆಯ ಭಾಗಕ್ಕೆ ‘ಕಪ್ರಿಚಿಯೊ’ ಎಂಬ ಬಿರುಸಿನ ಎರಡನೆಯ ಭಾಗ ಸೇರಿಸಿದರು. ಪಾಗನೀನಿಯ ಪಿಟೀಲು ಕೃತಿಗಳ ಚಳಕ ಅದರಲ್ಲಿದೆ.

ಅಡ್ಡಿ ಬಂದದ್ದು ಇಲ್ಲೇ. ಅಂದಿನ ಹಂಗೆರಿಯಲ್ಲಿ ಹೊಸ ಕೃತಿ ಹೊರಬರಲು ಸಂಗೀತ ರಚನಕಾರರ ಸಂಘದ ಒಪ್ಪಿಗೆ ಬೇಕಿತ್ತು. 1948ರಲ್ಲಿ ಸೋವಿಯತ್ ಪಕ್ಷ ಶೊಸ್ತಕೋವಿಚ್, ಪ್ರೊಕೋಫಿಯೆವ್‌ರಂಥವರನ್ನೇ ‘ರೂಪವಾದಿ’ಗಳೆಂದು ಖಂಡಿಸಿತ್ತು, ಜನಸಾಮಾನ್ಯರಿಗೆ ಸುಲಭವಾಗಿ ತಲುಪದ ಸಂಗೀತವೆಲ್ಲ ಶಂಕಾಸ್ಪದವಾಗಿತ್ತು. ಎರಡನೆಯ ಭಾಗ ತೀರಾ ಆಧುನಿಕವೆಂದು ಸಂಘ ತಿರಸ್ಕರಿಸಿತು. ಮುದ್ರಿಸುವಂತಿಲ್ಲ, ಸಭೆಯಲ್ಲಿ ನುಡಿಸುವಂತಿಲ್ಲ. ರೇಡಿಯೊಗಾಗಿ ದೇನೆಶ್ ಧ್ವನಿಮುದ್ರಿಸಲು ಮಾತ್ರ ಅವಕಾಶ ಸಿಕ್ಕಿತು; ಆದರೆ ಅದು ಪ್ರಸಾರವಾಗಲಿಲ್ಲ. ಒಂದೇ ವಾದ್ಯದ ಸಂಗೀತದಲ್ಲಿ ಘೋಷಣೆಯಿಲ್ಲ, ಮಾತೇ ಇಲ್ಲ. ಆದರೂ ಕಲಾವಿದ ತನ್ನಿಚ್ಛೆಯಂತೆ ಸ್ವರ ಜೋಡಿಸುವುದೇ ಆ ವ್ಯವಸ್ಥೆಗೆ ಅವಿಧೇಯತೆಯಾಗಿ ಕಂಡಿತು.

1956ರ ದಂಗೆಯನ್ನು ಸೋವಿಯತ್ ಟ್ಯಾಂಕ್‌ಗಳು ಹತ್ತಿಕ್ಕಿದ ಮೇಲೆ ಲಿಗೆಟಿ ಗಡಿ ದಾಟಿ ವಿಯೆನ್ನಾ ಸೇರಿದರು. ಮುಂದೆ ವಿಶ್ವಖ್ಯಾತರಾದರೂ ಈ ಸೊನಾಟಾ ಕೇಳುಗರನ್ನು ತಲುಪಲು ಕಾಲು ಶತಮಾನವೇ ಹಿಡಿಯಿತು, ಮುದ್ರಣವಾದದ್ದು 1990ರಲ್ಲಿ. ಲಿಗೆಟಿ 2006ರಲ್ಲಿ ತೀರಿಕೊಂಡರು. ಅಂದು ತಡೆಯಲ್ಪಟ್ಟ ಕೃತಿಯನ್ನು ಇಂದು ಲೋಕದೆಲ್ಲೆಡೆಯ ಚೆಲ್ಲೊ ವಿದ್ಯಾರ್ಥಿಗಳು ಅಭ್ಯಾಸ ಮಾಡುತ್ತಾರೆ. ಅದನ್ನು ತಡೆದ ವ್ಯವಸ್ಥೆ ಮಾತ್ರ ಉಳಿದಿಲ್ಲ.